ಮನೇಲಿ ಪಿಸಿಬಿ (ಎಲೆಕ್ಟ್ರಾನಿಕ್ ಸರ್ಕ್ಯೂಟ್ ಬೋರ್ಡ್) ಮಾಡೋಕೆ ಯಾವ ಟ್ರಾನ್ಸ್‌ಪರೆನ್ಸಿ ಶೀಟ್ ತಗೊಳ್ಳೋದು?

ಎಲ್ರಿಗೂ ನಮಸ್ಕಾರ. ತಾಮ್ರದ ಬೋರ್ಡಿಗೆ ಡ್ರೈ ಫಿಲ್ಮ್ (ಬೆಳಕಿಗೆ ಗಟ್ಟಿಯಾಗೋ ತೆಳು ಪದರ) ಅಂಟಿಸಿ, ಡಿಸೈನ್ ಪ್ರಿಂಟ್ ಮಾಡಿದ ಶೀಟ್ ಮೇಲಿಟ್ಟು ಯುವಿ ಲೈಟಲ್ಲಿ ಬೋರ್ಡ್ ಮಾಡೋಕೆ ಹೊರಟಿದೀನಿ. ಸ್ಟೇಷನರಿ ಅಂಗಡೀಲಿ ಓಎಚ್‌ಪಿ ಶೀಟ್ (ಪಾರದರ್ಶಕ ಪ್ಲಾಸ್ಟಿಕ್ ಹಾಳೆ) ಕೊಟ್ರು, ನನ್ನ ಇಂಕ್‌ಜೆಟ್‌ನಲ್ಲಿ ಪ್ರಿಂಟ್ ತೆಗೆದ್ರೆ ಇಂಕು ಹನಿ ಹನಿಯಾಗಿ ನಿಲ್ಲುತ್ತೆ, ಒಣಗೋದೇ ಇಲ್ಲ. ಲೇಸರ್ ಪ್ರಿಂಟೇ ಬೇಕಾ? ಮಾಡಿ ನೋಡಿದೋರು ಹೇಳಿ.

— ಶೀಟ್ ಕೆಟ್ಟದ್ದೇನಲ್ಲ ಸರ್, ನಿಮ್ಮ ಪ್ರಿಂಟರಿಗೆ ಹೊಂದಲ್ಲ ಅಷ್ಟೇ. ಬರೀ ನುಣುಪು ಪ್ಲಾಸ್ಟಿಕ್ ಇಂಕ್ ಹೀರಲ್ಲ, ಇಂಕ್‌ಜೆಟ್ ಶೀಟಿಗೆ ಸಾಮಾನ್ಯವಾಗಿ ಒಂದು ಕಡೆ ಕೋಟಿಂಗ್ ಇರುತ್ತೆ, ಬೆರಳು ಒದ್ದೆ ಮಾಡಿ ಮೂಲೇಲಿ ಒತ್ತಿ ನೋಡಿ, ಅಂಟಂಟು ಅನ್ಸೋ ಕಡೆನೇ ಪ್ರಿಂಟ್ ಬರಬೇಕು. ಸ್ಕ್ರೀನ್ ಪ್ರಿಂಟಿಂಗ್ ಸಾಮಾನು ಮಾರೋ ಅಂಗಡೀಲಿ ಇಂಕ್‌ಜೆಟ್ ಪಾಸಿಟಿವ್ ಫಿಲ್ಮ್ ಅಂತ ಕೇಳಿ. ಕೆಲವು ಸ್ವಲ್ಪ ಹಾಲು ಬಣ್ಣ ಇರುತ್ತೆ, ಯೋಚನೆ ಬೇಡ, ಯುವಿ ದಾಟುತ್ತೆ, ಲೈಟಿಗೆ ಇಡೋ ಟೈಮ್ ಸ್ವಲ್ಪ ಹೆಚ್ಚಿಸಿದ್ರಾಯ್ತು. ಇದನ್ನ ಮಾತ್ರ ದಯವಿಟ್ಟು ಲೇಸರ್ ಪ್ರಿಂಟರಿಗೆ ಹಾಕ್ಬೇಡಿ, ಫ್ಯೂಸರ್ (ಟೋನರ್ ಪುಡಿ ಅಂಟಿಸೋ ಬಿಸಿ ಭಾಗ) ಬಿಸಿಗೆ ಕರಗಿ ರೋಲರಿಗೆ ಸುತ್ಕೊಂಡ್ರೆ ಪ್ರಿಂಟರ್ರೇ ಹೋಯ್ತು.

— ನಾನು ಲೇಸರಲ್ಲೇ ಮಾಡೋದು. ಕಡ್ಡಾಯವಾಗಿ ಲೇಸರ್ ಅಂತ ಬರೆದಿರೋ ಶೀಟೇ ತಗೊಳ್ಳಿ, ಟೋನರ್ ಸೇವ್ (ಪುಡಿ ಕಮ್ಮಿ ಬಳಸೋ ಸೆಟಿಂಗ್) ಆಫ್ ಮಾಡಿ. ಪ್ರಿಂಟ್ ಬಂದ್ಮೇಲೆ ಕಿಟಕಿ ಬೆಳಕಿಗೆ ಹಿಡೀರಿ, ಕಪ್ಪಲ್ಲಿ ಸೂಜಿಮೊನೆಯಂಥ ತೂತು ಕಂಡ್ರೆ ಅದೇ ಡಿಸೈನಿನ ಎರಡು ಶೀಟ್ ಕರೆಕ್ಟಾಗಿ ಕೂರಿಸಿ ಟೇಪ್ ಹಾಕಿ, ಎರಡರ ತೂತೂ ಒಂದೇ ಜಾಗದಲ್ಲಿ ಬರೋದು ಕಮ್ಮಿ. ಬಿಸಿಗೆ ಶೀಟ್ ಒಂಚೂರು ಕುಗ್ಗುತ್ತೆ, ಅದಕ್ಕೇ ಡಿಸೈನ್ ಪಕ್ಕ 100 ಮಿ.ಮೀ. ಗೆರೆ ಹಾಕಿ ಅಳೀರಿ, ಉದ್ದನೆ ಕನೆಕ್ಟರ್ ಇದ್ರಂತೂ ಬಿಡ್ಲೇಬೇಡಿ.

— ಇಬ್ರೂ ಹೇಳಿದ್ದು ಸರಿ, ಆದ್ರೆ ನನ್ನ ಪ್ರಕಾರ ಶೀಟಿಗಿಂತ ಮುಖ್ಯ ಕಪ್ಪು ಎಷ್ಟು ದಟ್ಟ ಅನ್ನೋದು. ಡ್ರೈ ಫಿಲ್ಮ್ ನೆಗೆಟಿವ್, ಬೆಳಕು ಬಿದ್ದ ಜಾಗ ಗಟ್ಟಿಯಾಗಿ ಉಳಿಯುತ್ತೆ, ಅಂದ್ರೆ ಶೀಟಲ್ಲಿ ಟ್ರ್ಯಾಕ್ (ಬೋರ್ಡಲ್ಲಿ ಉಳೀಬೇಕಾದ ತಾಮ್ರದ ಗೆರೆ) ಪಾರದರ್ಶಕ, ಉಳಿದಿದ್ದೆಲ್ಲ ಕಪ್ಪು. ಅಷ್ಟಗಲ ಕಪ್ಪು ತುಂಬೋದು ಯಾವ ಪ್ರಿಂಟರಿಗೂ ಕಷ್ಟ. ಕಪ್ಪು ತೆಳ್ಳಗಿದ್ರೆ ಅದರ ಕೆಳಗಿನ ಫಿಲ್ಮೂ ಅರೆಬರೆ ಗಟ್ಟಿಯಾಗಿ ವಾಷಿಂಗ್ ಸೋಡಾ ನೀರಲ್ಲಿ ಬಿಡಲ್ಲ, ಜನ ಸೋಡಾನ ಬೈತಾರೆ, ತಾಮ್ರ ಕರಗಿಸೋ ಫೆರಿಕ್ ಕ್ಲೋರೈಡ್‌ನ ಬೈತಾರೆ, ಶೀಟ್ ಎತ್ತಿ ನೋಡೋರೇ ಇಲ್ಲ. ಖಾಲಿ ಜಾಗಕ್ಕೆಲ್ಲ ಗ್ರೌಂಡ್ ಫಿಲ್ ಕೊಡಿ (ಅಲ್ಲಿ ತಾಮ್ರ ಹಾಗೇ ಉಳಿಸೋದು), ಕಪ್ಪು ಭಾಗನೇ ಕಮ್ಮಿ ಆಗುತ್ತೆ, ಇಂಕೂ ಉಳೀತು, ಎಚಿಂಗೂ (ಬೇಡದ ತಾಮ್ರ ಕರಗಿಸೋದು) ಬೇಗ.

ಇನ್ನೊಂದು, ಇಂಕ್ ಇರೋ ಮುಖ ತಾಮ್ರದ ಕಡೆ ತಾಗಬೇಕು, ಅದಕ್ಕೆ ತಕ್ಕಂಗೆ ಡಿಸೈನ್ ಮಿರರ್ (ಕನ್ನಡೀಲಿ ಕಾಣೋ ಹಾಗೆ ತಿರುಗು) ಮಾಡ್ಕೊಳ್ಳಿ. ಮೇಲ್ಮುಖ ಇಟ್ರೆ ಶೀಟಿನ ದಪ್ಪದಲ್ಲೇ ಬೆಳಕು ಪಕ್ಕಕ್ಕೆ ನುಗ್ಗಿ ಅಂಚು ಹಾಳಾಗುತ್ತೆ. ಮೇಲೊಂದು ಗಾಜು ಇಟ್ಟು ಕ್ಲಿಪ್ ಹಾಕಿ ಒತ್ತಿ.

— ಥ್ಯಾಂಕ್ಸ್ ಎಲ್ರಿಗೂ, ಸ್ಕ್ರೀನ್ ಪ್ರಿಂಟಿಂಗ್ ಫಿಲ್ಮೇ ತರ್ತೀನಿ. ಲೈಟಿಗೆ ಎಷ್ಟೊತ್ತು ಇಡೋದು?

— ಲೈಟ್ ಮೇಲೆ ಹೋಗುತ್ತೆ ಸರ್, ಬೇರೆಯೋರ ಲೆಕ್ಕ ನಿಮಗೆ ಬರಲ್ಲ. ಫಿಲ್ಮ್ ಹಚ್ಚಿದ ಒಂದು ತುಂಡು ಬೋರ್ಡ್ ಮೇಲೆ ಶೀಟ್ ಇಟ್ಟು, ರಟ್ಟು ಮುಚ್ಚಿ 30 ಸೆಕೆಂಡಿಗೊಂದ್ಸಲ ಸ್ವಲ್ಪ ಸ್ವಲ್ಪ ಸರಿಸ್ತಾ ಹೋಗಿ. ತೊಳೆದ್ಮೇಲೆ ಯಾವ ಪಟ್ಟೀಲಿ ಟ್ರ್ಯಾಕ್ ಗಟ್ಟಿಯಾಗಿ ನಿಂತು, ಕಪ್ಪಿದ್ದ ಜಾಗ ಕ್ಲೀನಾಗಿ ಬಿಟ್ಟಿರುತ್ತೋ ಅದೇ ನಿಮ್ಮ ಟೈಮ್. ಶೀಟ್ ಬ್ರ್ಯಾಂಡ್ ಬದಲಾದ್ರೆ ಮತ್ತೆ ಟೆಸ್ಟ್ ಮಾಡಿ.