ಬೇರಿಲ್ಲದ ಮರ

(ಕಾಲೇಜು ಗೆಳೆಯರ ವಾಟ್ಸಾಪ್ ಗುಂಪು. ಗಿರೀಶ ಒಂದು ಚಿತ್ರ ಹಾಕಿದ್ದಾನೆ: 'ರಾಕ್ ಸಂಗೀತದ ವಂಶವೃಕ್ಷ'. ಕಾಂಡದಲ್ಲಿ ಬೀಟಲ್ಸ್, ಲೆಡ್ ಜೆಪ್ಲಿನ್ ಬ್ಯಾಂಡ್‌ಗಳು. ಉಳಿದವರೆಲ್ಲ ಕೊಂಬೆ.)

ಗಿರೀಶ: ಬಹಳ ದಿನದ ಮೇಲೆ ಒಂದು ಸರಿಯಾದ ಚಿತ್ರ ಸಿಕ್ತು. ಜೆಪ್ಲಿನ್ ಎಲ್ಲಿರಬೇಕೋ ಅಲ್ಲೇ ಇದೆ 🤘

ಮಂಜು: ಲೋ ಗಿರಿ, ಬ್ಲ್ಯಾಕ್ ಸ್ಯಾಬತ್ ಬ್ಯಾಂಡನ್ನ ಜೆಪ್ಲಿನ್ ಕೊಂಬೆಗೆ ನೇತುಹಾಕಿದ್ದಾರಲ್ಲೋ! ಯಾರು ಬರೆದಿದ್ದು ಇದನ್ನ?

ಗಿರೀಶ: ತಪ್ಪೇನಿದೆ? ಜೆಪ್ಲಿನ್ ಮೊದಲ ಆಲ್ಬಮ್ 1969 ಜನವರಿ. ಸ್ಯಾಬತ್‌ದು 1970 ಫೆಬ್ರವರಿ.

ಮಂಜು: ಮೊದಲು ಬಂದ ಮಾತ್ರಕ್ಕೆ ಅಪ್ಪ ಆಗ್ಬಿಡಲ್ಲ ಕಣೋ. ಸ್ಯಾಬತ್ ಸದ್ದು ಹುಟ್ಟಿದ್ದು ಬರ್ಮಿಂಗ್‌ಹ್ಯಾಮ್‌ನ ಒಂದು ತಗಡಿನ ಕಾರ್ಖಾನೆಯಲ್ಲಿ. ಅವರ ಗಿಟಾರಿಸ್ಟ್ ಟೋನಿ ಐಯೋಮಿಗೆ ಆಗ 17 ವರ್ಷ, ಕೆಲಸದ ಕೊನೇ ದಿನ. ಯಂತ್ರಕ್ಕೆ ಬಲಗೈ ಸಿಕ್ಕಿ ಎರಡು ಬೆರಳಿನ ತುದಿ ಹೋಯ್ತು. ಅವನು ಎಡಚ, ಅಂದ್ರೆ ತಂತಿ ಒತ್ತೋ ಕೈಯೇ ಅದು. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿ ಮಾಡ್ಕೊಂಡ, ಅದರ ಮೇಲೆ ಚರ್ಮದ ತುಂಡು ಅಂಟಿಸ್ದ. ದಪ್ಪ ತಂತಿ ಒತ್ತಿದ್ರೆ ನೋವು, ಅದಕ್ಕೆ ತೆಳು ತಂತಿ ಹಾಕ್ದ. 1971ರ ಆಲ್ಬಮ್ ಹೊತ್ತಿಗೆ ಟ್ಯೂನಿಂಗನ್ನೇ, ಅಂದ್ರೆ ತಂತಿಯ ಶ್ರುತಿಯನ್ನೇ, ಮೂರು ಸೆಮಿಟೋನ್ (ಅರ್ಧ ಸ್ವರ) ಕೆಳಗಿಳಿಸ್ದ. ಆ ಭಾರದ ಮೇಲೇ ಮೆಟಲ್ ಅನ್ನೋ ಅಬ್ಬರದ ರಾಕ್ ನಿಂತಿರೋದು. ಇದರಲ್ಲಿ ಜೆಪ್ಲಿನ್ ಎಲ್ಲಿ ಬಂತು ಹೇಳು.

ಸುಮಾ: ಮಂಜು, ಮುಖ್ಯವಾದ್ದು ಬಿಟ್ಟೆ. ಗಿಟಾರ್ ಕಥೆ ಮುಗೀತು ಅಂತ ಕೂತಿದ್ದ ಹುಡುಗನಿಗೆ ಕಾರ್ಖಾನೆಯ ಮೇಲ್ವಿಚಾರಕ ಒಂದು ರೆಕಾರ್ಡ್ ಕೇಳಿಸಿದ್ದ. ಜಾಂಗೋ ರೈನ್‌ಹಾರ್ಟ್‌ದು. ಬೆಂಕಿಯಲ್ಲಿ ಎಡಗೈ ಸುಟ್ಟು, ಎರಡೇ ಬೆರಳಲ್ಲಿ ಸೋಲೋ ನುಡಿಸ್ತಿದ್ದ ಜಾಜ್ ಗಿಟಾರಿಸ್ಟ್. ಈ ಮರದಲ್ಲಿ ಜಾಂಗೋ ಹೆಸರೇ ಇಲ್ಲ.

ಗಿರೀಶ: ಅದು ಧೈರ್ಯ ಕೊಟ್ಟ ಕಥೆ ಸುಮಾ. ಸ್ಯಾಬತ್ ಹಾಡಿನಲ್ಲಿ ಜಾಜ್ ಎಲ್ಲಿದೆ?

ಸುಮಾ: ಸ್ಯಾಬತ್‌ನ ಬಿಲ್ ವಾರ್ಡ್ ಡ್ರಮ್ಸ್ ಕೇಳು. ಜಾಜ್ ಡ್ರಮ್ಮರ್ ಜೀನ್ ಕ್ರೂಪಾ ಅಂದ್ರೆ ಅವನಿಗೆ ದೇವರು. ಆ ರಿಫ್, ಅಂದ್ರೆ ಮತ್ತೆ ಮತ್ತೆ ಬರೋ ಗಿಟಾರ್ ತುಣುಕು, ಎಷ್ಟೇ ಭಾರ ಇದ್ರೂ ಕೆಳಗೆ ಡ್ರಮ್ಸ್ ತೂಗಾಡ್ತಾ ಇರುತ್ತೆ. ಆಮೇಲಿನ ಮೆಟಲ್‌ನಲ್ಲಿ ಅದು ಕಮ್ಮಿಯಾಗಿದ್ದು ದೊಡ್ಡ ನಷ್ಟ ಅಂತ ನನ್ನ ಅಭಿಪ್ರಾಯ.

ಮಂಜು: ನಷ್ಟ ಅಂತ ಒಪ್ಪಲ್ಲ. ವೇಗ ಬಂತಲ್ಲ.

ಸುಮಾ: ಅದಿರಲಿ. ನನ್ನ ತಕರಾರು ಬೇರೆ. ಮರ ಬರೆದಿದ್ದಾರೆ, ಬೇರೇ ಇಲ್ಲ. ಅಮೆರಿಕದ ಕಪ್ಪು ಜನರ ಬ್ಲೂಸ್ ಸಂಗೀತದವರು ಒಬ್ಬರೂ ಇಲ್ಲ! ಜೆಪ್ಲಿನ್‌ನ 'ಹೋಲ್ ಲಾಟಾ ಲವ್' 1969ರದ್ದು. ವಿಲ್ಲಿ ಡಿಕ್ಸನ್ ಬರೆದು ಮಡ್ಡಿ ವಾಟರ್ಸ್ 1962ರಲ್ಲಿ ಹಾಡಿದ್ದ ಹಾಡಿನ ಸಾಲುಗಳು ಅದರಲ್ಲಿವೆ. ಡಿಕ್ಸನ್ 1985ರಲ್ಲಿ ಕೋರ್ಟಿಗೆ ಹೋಗಿ, ರಾಜಿಯಾದ ಮೇಲೆ ಅವನ ಹೆಸರು ಬಂತು.

ಗಿರೀಶ: ಸಾಲು ಡಿಕ್ಸನ್‌ದು, ಸರಿ. ಆ ರಿಫ್ ಜೆಪ್ಲಿನ್ ಗಿಟಾರಿಸ್ಟ್ ಪೇಜ್‌ದೇ ಅಲ್ವಾ? 'ವೆನ್ ದ ಲೆವೀ ಬ್ರೇಕ್ಸ್' ತಗೋ. ಮೂಲ 1929ರದ್ದು, ಕಾನ್ಸಾಸ್ ಜೋ ಮೆಕಾಯ್ ಮತ್ತು ಮೆಂಫಿಸ್ ಮಿನ್ನಿ. ಗಿಟಾರ್ ಮತ್ತು ದನಿ, ಅಷ್ಟೇ. 1971ರ ಆಲ್ಬಮ್‌ಗೆ ಜೆಪ್ಲಿನ್‌ನವರು ಹೆಡ್ಲಿ ಗ್ರೇಂಜ್ ಅನ್ನೋ ಹಳೇ ಕಟ್ಟಡದ ಹಜಾರದಲ್ಲಿ ಡ್ರಮ್ಮರ್ ಬಾನಮ್‌ನ ಡ್ರಮ್ಸ್ ಇಟ್ಟು, ಮೇಲಿನ ಮೆಟ್ಟಿಲಿಂದ ಎರಡು ಮೈಕ್ ಇಳಿಬಿಟ್ಟರು. ಪೆಟ್ಟು ಗೋಡೆಗೆ ಬಡಿದು ವಾಪಸ್ ಬರೋದು ಕೇಳುತ್ತೆ. ಹೆಡ್‌ಫೋನ್ ಹಾಕ್ಕೊಂಡು ಶುರುವಿನದಷ್ಟೇ ಕೇಳಿ, ಹಾಡಿನ ದನಿ ಬರೋದೂ ಬೇಡ. ಇದನ್ನ ನಕಲು ಅಂತೀರಾ?

ಸುಮಾ: ನಕಲು ಅಂತ ನಾನೆಲ್ಲಿ ಹೇಳ್ದೆ? ಆ ಡ್ರಮ್ಸ್ ಅಂದ್ರೆ ನನಗೂ ಪ್ರಾಣ. ಆದ್ರೆ ಅದೇ ಹಾಡಿನ ಕೆಳಗೆ ಮೆಂಫಿಸ್ ಮಿನ್ನಿ ಹೆಸರಿದೆ ನೋಡು. ಹೆಸರು ಹಾಕಬೇಕು ಅಂತ ಗೊತ್ತಿತ್ತು. ಅದಕ್ಕೆ ಎರಡು ವರ್ಷ ಮುಂಚೆ 'ಹೋಲ್ ಲಾಟಾ ಲವ್'ಗೆ ಡಿಕ್ಸನ್ ಹೆಸರು ಯಾಕೆ ಹಾಕಲಿಲ್ಲ?

ಗಿರೀಶ: ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ.

ರವಿಯಣ್ಣ: ಈಗ ನೋಡ್ದೆ ಕಣ್ರಪ್ಪ, ಒಳ್ಳೇ ಜಗಳ. ಸುಮಾ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. 1965ರಲ್ಲಿ ರೋಲಿಂಗ್ ಸ್ಟೋನ್ಸ್‌ನ ಅಮೆರಿಕದ 'ಶಿಂಡಿಗ್' ಟಿವಿ ಕಾರ್ಯಕ್ರಮಕ್ಕೆ ಕರೆದಾಗ, ಬ್ಲೂಸ್ ಗಾಯಕ ಹೌಲಿನ್ ವುಲ್ಫ್‌ನ ಕರೆಸಿ ಅಂತ ಅವರೇ ಪಟ್ಟು ಹಿಡಿದರು. ವುಲ್ಫ್ ಹಾಡ್ತಿದ್ರೆ ಇವರು ಸುತ್ತ ಕೂತು ಕೇಳ್ತಿರ್ತಾರೆ. ದೊಡ್ಡ ಆಳು, ಮೈಯೆಲ್ಲಾ ಕುಣಿಸ್ತಾ ಹಾಡ್ತಾನೆ. ವಿಡಿಯೋ ಸಿಗುತ್ತೆ, ನೋಡಿ.

ಸುಮಾ: ಅದೇ ನಾನು ಹೇಳೋದು ರವಿಯಣ್ಣ! ತಗೊಳ್ಳೋದು ತಪ್ಪಲ್ಲ. ಯಾರ ಹತ್ರ ತಗೊಂಡೆ ಅಂತ ಜನರ ಮುಂದೆ ನಿಲ್ಲಿಸಿ ತೋರಿಸಬೇಕು.

ಪ್ರಸಾದ: ಪಿಂಕ್ ಫ್ಲಾಯ್ಡ್ ಬ್ಯಾಂಡಿನ ಹೆಸರಲ್ಲೇ ಇಬ್ಬರು ಬ್ಲೂಸ್‌ನವರಿದ್ದಾರೆ, ಪಿಂಕ್ ಆಂಡರ್ಸನ್, ಫ್ಲಾಯ್ಡ್ ಕೌನ್ಸಿಲ್. ಈ ಚಿತ್ರದಲ್ಲಿ ಫ್ಲಾಯ್ಡ್‌ನ ಬೀಟಲ್ಸ್ ಕೊಂಬೆಗೆ ಅಂಟಿಸಿದ್ದಾರೆ.

ಶೈಲಾ: ನಿರ್ವಾಣಾ ಬ್ಯಾಂಡನ್ನ ಮೂಲೆಗೆ ತಳ್ಳಿದ್ದಾರೆ ಅಂತ ನನಗೆ ಸಿಟ್ಟು. ಅದರ ಗಾಯಕ ಕೋಬೇನ್‌ನಷ್ಟು ಬಿಚ್ಚುಮನಸ್ಸಿಂದ ಋಣ ಒಪ್ಪಿಕೊಂಡವರು ಕಮ್ಮಿ. 'ಸ್ಮೆಲ್ಸ್ ಲೈಕ್ ಟೀನ್ ಸ್ಪಿರಿಟ್' ಬರೆಯುವಾಗ ಪಿಕ್ಸೀಸ್ ಬ್ಯಾಂಡ್ ಥರ ಮಾಡೋಕೆ ಹೊರಟಿದ್ದೆ ಅಂತ ಬಾಯಿಬಿಟ್ಟೇ ಹೇಳಿದ್ದ. 1993 ನವೆಂಬರ್‌ನ ಅನ್‌ಪ್ಲಗ್ಡ್ ಕಾರ್ಯಕ್ರಮ ಮುಗಿಸಿದ್ದು ಯಾವುದರಿಂದ? ಹಳೇ ಬ್ಲೂಸ್ ಗಾಯಕ ಲೆಡ್ ಬೆಲ್ಲಿ ಹಾಡ್ತಿದ್ದ ಹಾಡಿಂದ. ಕೊನೇ ಸಾಲಿಗೆ ಮುಂಚೆ ಒಂದು ಉಸಿರು ತಗೊಳ್ತಾನಲ್ಲ, ಅಲ್ಲಿ ಪ್ರತಿ ಸಲ ನನ್ನ ಮೈ ಜುಮ್ ಅನ್ನುತ್ತೆ.

ಮಂಜು: ಶೈಲಾ, ಅದು ನನಗೂ 🙏 ಮೆಟಾಲಿಕಾನೂ ಹಾಗೇ ಕಣೇ. ಡೈಮಂಡ್ ಹೆಡ್ ಅನ್ನೋ ಬ್ಯಾಂಡಿನ ಹಾಡನ್ನ 1984ರಲ್ಲಿ ರೆಕಾರ್ಡ್ ಮಾಡಿ, ಇದು ಅವರದ್ದು ಅಂತ ಊರೆಲ್ಲಾ ಸಾರಿದ್ರು.

ಸುಮಾ: ಈಗ ನನಗೆ ನಿಜವಾಗಿ ಹೊಟ್ಟೆ ಉರಿದದ್ದು ಹೇಳ್ತೀನಿ. ಇಡೀ ಚಿತ್ರದಲ್ಲಿ ಸಿಸ್ಟರ್ ರೊಸೆಟ್ಟಾ ಥಾರ್ಪ್ ಇಲ್ಲ. ಚರ್ಚಿನಲ್ಲಿ ಹಾಡಿ ಬೆಳೆದವಳು, ಎಲೆಕ್ಟ್ರಿಕ್ ಗಿಟಾರ್ ಹಿಡಿದು ಗಾಸ್ಪೆಲ್, ಅಂದ್ರೆ ಚರ್ಚಿನ ಭಕ್ತಿಗೀತೆ, ಹಾಡ್ತಿದ್ದಳು. 1944ರಲ್ಲಿ ರೆಕಾರ್ಡ್ ಮಾಡಿದ 'ಸ್ಟ್ರೇಂಜ್ ಥಿಂಗ್ಸ್ ಹ್ಯಾಪನಿಂಗ್ ಎವ್ರಿ ಡೇ' ಕೇಳಿ, ರಾಕ್ ಅಂಡ್ ರೋಲ್‌ನ ಓಟ ಆಗಲೇ ಅಲ್ಲಿದೆ. 1947ರಲ್ಲಿ ಮೇಕನ್ ಊರಿನಲ್ಲಿ ಹದಿನಾಲ್ಕರ ಹುಡುಗನೊಬ್ಬನನ್ನ ತನ್ನ ವೇದಿಕೆ ಹತ್ತಿಸಿ ಹಾಡಿಸಿದಳು. ಆ ಹುಡುಗ ಮುಂದೆ ರಾಕ್ ಅಂಡ್ ರೋಲ್ ತಾರೆಯಾದ ಲಿಟಲ್ ರಿಚರ್ಡ್.

ಸುಮಾ: 1964 ಮೇ ತಿಂಗಳ ವಿಡಿಯೋ ಕಳಿಸ್ತಿದ್ದೀನಿ. ಮ್ಯಾಂಚೆಸ್ಟರ್‌ನ ಮುಚ್ಚಿಹೋದ ರೈಲ್ವೆ ಸ್ಟೇಷನ್, ಈಕಡೆ ಪ್ಲಾಟ್‌ಫಾರ್ಮ್‌ನಲ್ಲಿ ಜನ, ಆಕಡೆಯದ್ದರಲ್ಲಿ ಅವಳು. ಮಳೆ. ಕೋಟು ಹಾಕ್ಕೊಂಡೇ ಬಿಳಿ ಗಿಟಾರ್ ಹೆಗಲಿಗೇರಿಸಿ ಸೋಲೋ ಶುರು ಮಾಡ್ತಾಳೆ.

ಪ್ರಸಾದ: ಅಬ್ಬಾ. ಎರಡು ಸಲ ನೋಡ್ದೆ. ಇವರ ಹೆಸರನ್ನ ನಾನು ಕೇಳೇ ಇರಲಿಲ್ಲ.

ಸುಮಾ: ತೀರಿಕೊಂಡಿದ್ದು 1973. ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಸೇರಿಸಿದ್ದು 2018ರಲ್ಲಿ! ಇಂಥ ಚಿತ್ರಗಳನ್ನೇ ನೋಡ್ತಾ ಬೆಳೆದ್ರೆ ಇನ್ನೇನಾಗುತ್ತೆ?

ರವಿಯಣ್ಣ: ಗಿರೀಶ, ನೀನೇ ಹೊಸದಾಗಿ ಒಂದು ಬರೆಯಪ್ಪ. ನಿನ್ನ ಕೈ ಚೆನ್ನಾಗಿದೆ.

ಗಿರೀಶ: ಬರೀತೀನಿ ರವಿಯಣ್ಣ. ಬೇರಿಗೆ ಥಾರ್ಪ್, ಡಿಕ್ಸನ್, ಮಿನ್ನಿ, ವುಲ್ಫ್, ಲೆಡ್ ಬೆಲ್ಲಿ. ಜಾಂಗೋನೂ ಇರಲಿ. ಆದ್ರೆ ಕಾಂಡದಿಂದ ಜೆಪ್ಲಿನ್ ತೆಗೆಯಲ್ಲ, ಅದು ಮಾತ್ರ ಕೇಳಬೇಡಿ ನೀವು.

ಮಂಜು: ಸ್ಯಾಬತ್‌ಗೆ ಪಕ್ಕದಲ್ಲೇ ಇನ್ನೊಂದು ಕಾಂಡ.

ಗಿರೀಶ: ಒಂದು ಮರಕ್ಕೆ ಎರಡು ಕಾಂಡನಾ?

ಮಂಜು: ಬೇರು ಒಂದೇ ಇದೆಯಲ್ಲ, ಸಾಕು.

ಶೈಲಾ: ಪಿಕ್ಸೀಸ್ ಬಿಟ್ಟರೆ ಮತ್ತೆ ಜಗಳ, ಈಗಲೇ ಹೇಳಿದ್ದೀನಿ.

ಸುಮಾ: ಗಿರಿ, ರೊಸೆಟ್ಟಾ ಹೆಸರಿನ ಪಕ್ಕ 1944 ಅಲ್ಲ, 1938 ಅಂತ ಹಾಕು. ಮೊದಲ ರೆಕಾರ್ಡಿಂಗ್ ಆಗಲೇ ಆಗಿತ್ತು.