ಸಹಾಯ ಬೇಕು: ರಾಬಿಯ ಕುಲುಮೆಗೆ ನೀಲಿ ಬೆಂಕಿ ತಲುಪಿಸೋದು ಹೇಗೆ?

ಎಲ್ಲರಿಗೂ ನಮಸ್ಕಾರ. 2017ರ ಜೆಲ್ಡಾ ಗೇಮ್ 'ಬ್ರೆತ್ ಆಫ್ ದಿ ವೈಲ್ಡ್' ಆಡ್ತಾ ಇದ್ದೇನೆ. ಅಕ್ಕಾಲಾ ಗುಡ್ಡದ ಲ್ಯಾಬ್‌ನಲ್ಲಿರುವ ರಾಬಿ ಗೊತ್ತಲ್ವಾ? ಕಣ್ಣಿಗೆ ದಪ್ಪ ಗಾಗಲ್ಸ್, ನೂರು ದಾಟಿದರೂ ಕುಣಿದಾಡುವ ವಿಜ್ಞಾನಿ. ನನಗಂತೂ ತುಂಬಾ ಇಷ್ಟದ ಪಾತ್ರ. ಅವನ ಕುಲುಮೆ ಹೊತ್ತಿದರೇನೇ ಅಲ್ಲಿರುವ ಚೆರ್ರಿ ಅನ್ನೋ ಯಂತ್ರ, ಗಾರ್ಡಿಯನ್ ಅನ್ನೋ ಯಾಂತ್ರಿಕ ಶತ್ರುಗಳನ್ನು ಹೊಡೆಯುವ ಬಾಣ ಮಾಡಿಕೊಡೋದು.

ಪಂಜಿಗೆ ನೀಲಿ ಬೆಂಕಿ ಹಚ್ಚಿಕೊಂಡು ಮೂರು ಸಲ ಹೊರಟೆ. ಒಮ್ಮೆ ಶತ್ರು ಎದುರಾದ, ಗಾಬರಿಯಲ್ಲಿ ಕತ್ತಿ ತೆಗೆದೆ, ಪಂಜು ಆರಿತು. ಇನ್ನೆರಡು ಸಲ ಅರ್ಧ ದಾರಿಯಲ್ಲೇ ಮಳೆ. ಲ್ಯಾಬ್ ಕಣ್ಣೆದುರಿಗೇ ಇತ್ತು, ಅಳು ಬಂತು. ದಾರಿಯ ದೀಪಗಳನ್ನೂ ಹೊತ್ತಿಸುತ್ತಾ ಹೋಗಿದ್ದೆ.

ನನ್ನ ಪ್ರಶ್ನೆ ಇಷ್ಟೇ: ಮಳೆ ನಿಂತ ಮೇಲೆ ಆ ದೀಪಗಳಿಂದಲೇ ಪಂಜು ಹಚ್ಚಿಕೊಳ್ಳಬಹುದಾ, ಇಲ್ಲ ಮೊದಲಿಂದ ಶುರು ಮಾಡಬೇಕಾ?