ಬ್ರೇಕ್ ಪ್ಯಾಡ್ 'ಸವೆತ'ವೋ 'ಸವಕಳಿ'ಯೋ? (ನಾಳೆ ಬೆಳಿಗ್ಗೆಗೇ ಬೇಕು)

ಎಲ್ಲರಿಗೂ ನಮಸ್ಕಾರ. ಗೆಳತಿಯ ಅಣ್ಣ ಬನಶಂಕರಿಯಲ್ಲಿ ಗ್ಯಾರೇಜ್ ಇಟ್ಟಿದ್ದಾರೆ. ಕಾರಿನ ಬ್ರೇಕ್ ಪ್ಯಾಡ್ ಎಷ್ಟು ಸವೆದಿದೆ ಅಂತ ಮನೆಯಲ್ಲೇ ನೋಡಿಕೊಳ್ಳುವುದು ಹೇಗೆ ಅಂತ ಗಿರಾಕಿಗಳಿಗೆ ಒಂದು ಹಾಳೆ ಮಾಡಿಕೊಡುತ್ತಿದ್ದೇನೆ. ನಾಳೆ ಬೆಳಿಗ್ಗೆ ಪ್ರೆಸ್ಸಿಗೆ ಹೋಗಬೇಕು.

ತಲೆಬರಹದಲ್ಲೇ ಸಿಕ್ಕಿಹಾಕಿಕೊಂಡಿದ್ದೇನೆ. 'ಪ್ಯಾಡ್ ಸವೆತ'ವೋ, 'ಪ್ಯಾಡ್ ಸವಕಳಿ'ಯೋ? ಇನ್ನೊಂದು, ಕೆಲವು ಪ್ಯಾಡುಗಳ ಅಂಚಿನಲ್ಲಿ ಪುಟ್ಟ ತಗಡಿನ ನಾಲಿಗೆ ಇರುತ್ತದೆ. ಪ್ಯಾಡ್ ತೆಳುವಾದಾಗ ಅದು ಚಕ್ರದ ಜೊತೆ ತಿರುಗುವ ಡಿಸ್ಕಿಗೆ ತಾಗಿ ಕೀಂ ಅಂತ ಕಿರುಚುತ್ತದೆ. ಇಂಗ್ಲಿಷಿನವರು ವೇರ್ ಇಂಡಿಕೇಟರ್ ಅಂತಾರೆ. ಗ್ಯಾರೇಜಿನ ಹುಡುಗರು ಅದಕ್ಕೆ ಹೆಸರೇ ಇಟ್ಟಿಲ್ಲ, 'ಸೌಂಡ್ ಮಾಡುತ್ತಲ್ಲ, ಅದು' ಅಂತಾರೆ ಅಷ್ಟೇ.

ಸದ್ಯ ಬರೆದಿರುವುದು: "ಟಾರ್ಚ್ ಹಿಡಿದು ಚಕ್ರದ ಸಂದಿಯಿಂದ ನೋಡಿ. ಹಿಂದಿನ ಕಬ್ಬಿಣದ ಪಟ್ಟಿ ಲೆಕ್ಕಕ್ಕಿಲ್ಲ. ಡಿಸ್ಕಿಗೆ ಉಜ್ಜುವ ಭಾಗ ಹೊಸದರಲ್ಲಿ ಸುಮಾರು 10 ಮಿ.ಮೀ. ಇರುತ್ತದೆ. 3 ಮಿ.ಮೀ.ಗೆ ಇಳಿದಿದ್ದರೆ ಬದಲಿಸಿ."

*

ಸವೆತ. ಸವಕಳಿ ಮಣ್ಣಿಗೆ ಮತ್ತು ಅಕೌಂಟೆನ್ಸಿ ಪುಸ್ತಕಕ್ಕೆ ಹೋಗಿಬಿಟ್ಟಿದೆ. ಪಿಯುಸಿ ಕಾಮರ್ಸ್ ಓದಿದವರು ನಿಮ್ಮ ಹಾಳೆ ನೋಡಿ, ಕಾರಿನ ಬೆಲೆ ವರ್ಷಕ್ಕೆಷ್ಟು ಇಳಿಯುತ್ತದೆ ಅಂತ ಹೇಳುತ್ತಿದ್ದೀರಿ ಅಂದುಕೊಳ್ಳುತ್ತಾರೆ. ಕುಸಿತ, ಕೊರೆತ ಇದ್ದ ಹಾಗೆ ಸವೆತ. 'ಸವಕಲು' ಬೇರೆ, ಅದು ಆಗಲೇ ಸವೆದುಹೋದದ್ದು. 3 ಮಿ.ಮೀ.ಗಿಂತ ಕೆಳಗಿಳಿದ ಪ್ಯಾಡಿಗೆ ಬೇಕಾದರೆ ಹೇಳಿ.
– ಮಲ್ಲೇಶ್ವರದಿಂದ

*

ಸವೆತ ಸರಿ, 1894ರ ಕಿಟ್ಟೆಲ್ ನಿಘಂಟಿನಲ್ಲೂ 'ಸವೆ' ಇದೆ. ಆದರೆ ಬ್ರೇಕ್, ಪ್ಯಾಡ್, ಡಿಸ್ಕ್ ಮೂರನ್ನೂ ಹಾಗೇ ಬಿಟ್ಟು ಬಾಲಕ್ಕೊಂದು ಸವೆತ ಅಂಟಿಸಿದರೆ ಕನ್ನಡ ಆಗಿಬಿಡುತ್ತಾ? ನಮ್ಮಜ್ಜ ಇಳಿಜಾರಿನಲ್ಲಿ ಗಾಡಿಗೆ 'ಬಿರಿ ಹಾಕೋ' ಅಂತ ಕೂಗುತ್ತಿದ್ದರು. ಬಿರಿ ಅಂದರೆ ಬ್ರೇಕ್, ಅಚ್ಚಗನ್ನಡ, 'ಬಿಗಿ'ಯ ನೆಂಟ. ಪ್ಯಾಡಿಗೆ ಬಿರಿಮೆತ್ತೆ, ಡಿಸ್ಕಿಗೆ ಬಿಲ್ಲೆ ಅನ್ನಿ. ಆ ತಗಡಿಗೆ 'ಕೂಗುನಾಲಿಗೆ'.
– ಹನುಮಂತನಗರದಿಂದ

*

ಬಿಗಿಯ ಗಕಾರ ಬಿರಿಯಲ್ಲಿ ರಕಾರ ಆಗಿದ್ದು ಯಾವಾಗ? ಅಂಥದ್ದು ಇನ್ನೊಂದು ಪದ ತೋರಿಸಿ, ಸುಮ್ಮನಾಗುತ್ತೇನೆ. ನನ್ನ ಕಿವಿಗಂತೂ ಬ್ರೇಕ್ ಅನ್ನುವುದೇ ಹಳ್ಳಿಯ ಬಾಯಲ್ಲಿ ಸವೆದು ಸವೆದು ಬಿರಿ ಆದಂತೆ ಕೇಳಿಸುತ್ತದೆ. ನೀವು ಎತ್ತಿ ಕುಣಿಸುತ್ತಿರುವ ಅಚ್ಚಗನ್ನಡ ನಿಮ್ಮಜ್ಜ ತಂದ ಸಾಲ, ಸರ್. ಅದಿರಲಿ, ಮೊಗ್ಗು ಬಿರಿಯುತ್ತದೆ, ಗೋಡೆ ಬಿರಿಯುತ್ತದೆ. ಬಿರಿಮೆತ್ತೆ ಅಂದರೆ ಬಿರುಕು ಬಿಟ್ಟ ಹಾಸಿಗೆ. ಅದನ್ನು ನಂಬಿ ಯಾರು ಗಾಡಿ ಓಡಿಸುತ್ತಾರೆ?
– ಮಲ್ಲೇಶ್ವರದಿಂದ

*

ಇಬ್ಬರಲ್ಲಿ ಒಬ್ಬರಾದರೂ ಪ್ಯಾಡ್ ಕೈಯಲ್ಲಿ ಹಿಡಿದಿದ್ದೀರಾ? ಮೆತ್ತಗಿರುವುದು ಅದರಲ್ಲಿ ಏನೂ ಇಲ್ಲ. ಸಾಣೆಕಲ್ಲಿನಂತೆ ಗಟ್ಟಿ.

ಮೇಡಂ, ಪದಕ್ಕಿಂತ ಮುಂಚೆ ವಾಕ್ಯ ಸರಿಮಾಡಿ. ಚಕ್ರದ ಸಂದಿಯಿಂದ ಕಾಣುವುದು ಡಿಸ್ಕಿನ ಹೊರಬದಿಯ ಪ್ಯಾಡ್ ಮಾತ್ರ. ಹೋದ ತಿಂಗಳು ನಾನೇ ಚಕ್ರ ಬಿಚ್ಚಿ ನೋಡಿದೆ. ಹೊರಗಿನದು 6 ಮಿ.ಮೀ. ಇತ್ತು, ಒಳಗಿನದು 2 ಮಿ.ಮೀ. ಕೂಡ ಇರಲಿಲ್ಲ, ಓರೆಯಾಗಿ ಬೇರೆ ತೇದುಹೋಗಿತ್ತು. ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್‌ನ ಪಿನ್ನು ಹಿಡಿದುಕೊಂಡರೆ ಹೀಗಾಗುತ್ತದೆ. ಟಾರ್ಚ್ ನಂಬಿ ಕೂತಿದ್ದರೆ ಇನ್ನು ಸ್ವಲ್ಪ ದಿನಕ್ಕೆ ಕಬ್ಬಿಣ ಕಬ್ಬಿಣಕ್ಕೆ ಉಜ್ಜಿ ಡಿಸ್ಕನ್ನೇ ತಿಂದುಬಿಡುತ್ತಿತ್ತು. ಬ್ರೇಕ್ ಆಯಿಲ್ ಡಬ್ಬಿಯಲ್ಲಿ ಮಟ್ಟ ಇಳಿದಿದ್ದರೆ ಅದೂ ಒಂದು ಸುಳಿವು ಅಂತ ಬರೆಯಿರಿ. ಪ್ಯಾಡ್ ಸವೆದಷ್ಟೂ ಅದು ಇಳಿಯುತ್ತದೆ, ಸುಮ್ನೆ ತುಂಬಿಸಿ ಬಿಟ್ಟರೆ ಸುಳಿವೂ ಹೋಯಿತು. ಬರೀ ಜ್ಯಾಕ್ ಮೇಲೆ ನಿಂತ ಕಾರಿನ ಕೆಳಗೆ ಹೋಗಬೇಡಿ, ಸ್ಟ್ಯಾಂಡ್ ಕೊಡಿ ಅಂತಲೂ ದಪ್ಪಕ್ಷರದಲ್ಲಿ ಹಾಕಿ.

ಜೆ.ಸಿ. ರಸ್ತೆಯ ಕಾರಿನ ಬಿಡಿಭಾಗದ ಅಂಗಡಿಯಲ್ಲಿ ಹೋಗಿ ಬಿರಿಮೆತ್ತೆ ಕೊಡಿ ಅಂದರೆ ಹಾಸಿಗೆ ಅಂಗಡಿ ದಾರಿ ತೋರಿಸುತ್ತಾರೆ.
– ವಿಜಯನಗರದಿಂದ

*

ಅಂಗಡಿಯವನ ಬಾಯಿಗೆ ಬಂದದ್ದೇ ಕನ್ನಡ ಅಂತಾದರೆ ಇಲ್ಲಿ ಪದ ಯಾಕೆ ಕೇಳಬೇಕು? ಇವತ್ತು ಪ್ಯಾಡ್ ಬಿಟ್ಟಿರಿ, ನಾಳೆ 'ವೇರ್ ಆಗಿದೆ' ಅಂತೀರಿ. ಆಗ ಈ ಸವೆತವೂ ಹೋಗುತ್ತದೆ.
– ಹನುಮಂತನಗರದಿಂದ

*

ಕುರ್ಚಿ ಅರಬ್ಬಿಯಿಂದ ಬಂತು, ಚಾವಿ ಪೋರ್ಚುಗೀಸಿನಿಂದ. ಅದೇ ಕುರ್ಚಿಯಲ್ಲಿ ಕೂತು ಬರೆದಿದ್ದೀರಲ್ವಾ? ವಸ್ತುವಿನ ಜೊತೆ ಹೆಸರು ಬರುತ್ತದೆ. 'ಸವೆ' ನಮ್ಮ ಕ್ರಿಯಾಪದ, ಮೆಟ್ಟು ಸವೆದ ಕಾಲದಿಂದ ಇದೆ, ಅದು ಎಲ್ಲೂ ಹೋಗುವುದಿಲ್ಲ. ಇನ್ನು ಈ ವಿಷಯಕ್ಕೆ ನಾನು ಬರೆಯುವುದಿಲ್ಲ.
– ಮಲ್ಲೇಶ್ವರದಿಂದ

*

ಎಲ್ಲರಿಗೂ ಥ್ಯಾಂಕ್ಸ್. ತಲೆಬರಹ 'ಬ್ರೇಕ್ ಪ್ಯಾಡ್ ಸವೆತ'. ಒಳಗಿನ ಪ್ಯಾಡ್, ಆಯಿಲ್ ಡಬ್ಬಿ, ಸ್ಟ್ಯಾಂಡ್ ಮೂರೂ ಸೇರಿಸಿದೆ. ಬಿರಿಮೆತ್ತೆ ಬಿಟ್ಟೆ, ಬೇಜಾರಾಗಬೇಡಿ ಸರ್, ಕೂಗುನಾಲಿಗೆ ಇಟ್ಟುಕೊಂಡಿದ್ದೇನೆ. ಗ್ಯಾರೇಜಿನ ಹುಡುಗನಿಗೆ ಓದಿ ಹೇಳಿದೆ. ನಕ್ಕ. ಐದು ನಿಮಿಷ ಬಿಟ್ಟು ಗಿರಾಕಿಯೊಬ್ಬರಿಗೆ 'ನಿಮ್ದು ಕೂಗ್ತಾ ಇದೆ ಸಾರ್, ನಾಲಿಗೆ' ಅಂತಿದ್ದ.

ಹಿಂದಿನ ಚಕ್ರಕ್ಕೆ ಡಿಸ್ಕಿನ ಬದಲು ಡ್ರಮ್ ಇರುವ ಕಾರುಗಳಿಗೆ ಇನ್ನೊಂದು ಸಾಲು ಬರೆಯಬೇಕು. ಅಲ್ಲಿ ಪ್ಯಾಡ್ ಇಲ್ಲ, ಬ್ರೇಕ್ ಶೂ. ದಯವಿಟ್ಟು ಯಾರೂ ಪಾದುಕೆ ಅನ್ನಬೇಡಿ.